ಅಡುಗೆಮನೆಯ ಕಾರ್ಪೆಟ್ಟು

ಅಡುಗೆಮನೆಯಲ್ಲಿ ಕಾರ್ಪೆಟ್ ಹಾಸುವವರನ್ನು ಎಲ್ಲಾದರೂ ಕಂಡಿದ್ದೀರಾ? ಎಣ್ಣೆ ಸಿಡಿಯುವ ಜಾಗ, ನೀರು ಚೆಲ್ಲುವ ಜಾಗ, ಅಲ್ಲಿ ಕೆಂಪು ಹೂವಿನ ಕಾರ್ಪೆಟ್ಟು! ಮೊದಲ ಸಲ ಮನೆ ನೋಡಲು ಬಂದಾಗ ಕಮಲಮ್ಮನವರಿಗೆ ನಗು ಬಂದಿತ್ತು. ಬಿಲ್ಡರ್ ಮುರಳಿಮೋಹನನ ದೊಡ್ಡಸ್ತಿಕೆ ಇರಬೇಕು ಎಂದುಕೊಂಡು ಸುಮ್ಮನಾಗಿದ್ದರು.

ಸೊಸೆ ಮಹತಿಗೆ ಅದರ ಮೇಲೆ ಗಮನವೇ ಇರಲಿಲ್ಲ. ಅವಳು ಇವತ್ತೂ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಚಿಕ್ಕಬಳ್ಳಾಪುರದ ಹೊರಗೆ ಹೊಸದಾಗಿ ಎದ್ದ ಬಡಾವಣೆ ಅದು. ಹೊಸ್ತಿಲ ಮೇಲೆ ನಿಂತರೆ ಸ್ಕಂದಗಿರಿ ಪೂರ್ತಿ ಕಾಣುತ್ತಿತ್ತು. ಆದರೆ ಮಹತಿಗೆ ಬೇಕಾಗಿದ್ದದ್ದು ಬೆಟ್ಟ ಅಲ್ಲ, ಹೊಸ್ತಿಲು.

ಮದುವೆಯಾದಾಗಿನಿಂದ ಅವಳದು ಬಾಡಿಗೆ ಮನೆಯ ಬಾಳು. ಅವಳು ಖಾಸಗಿ ಶಾಲೆಯ ಟೀಚರ್, ಗಂಡ ಕೇಶವ್ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಈಗಿರುವ ಮನೆಯ ಓನರ್ ವೆಂಕಟರವಣಪ್ಪ ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಗೇಟು ಸದ್ದಾದರೆ ಸಾಕು, "ಯಾರಮ್ಮಾ ಅದು? ಉಳ್ಕೊಳ್ತಾರಾ?" ಎಂದು ಮೇಲಿನಿಂದಲೇ ವಿಚಾರಣೆ. ಶಿಡ್ಲಘಟ್ಟದಿಂದ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದಾಗ ಆ ಪುಣ್ಯಾತ್ಮ ನೀರಿನ ಮೋಟಾರೇ ಹಾಕಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು ಅಕ್ಕ ಸಂಜೆಯ ಬಸ್ಸಿಗೇ ವಾಪಸ್ಸು ಹೋದಳು. ಅಂದಿನಿಂದ ಮಹತಿಗೆ ಇದ್ದದ್ದು ಒಂದೇ ಆಸೆ. ತನ್ನ ಮನೆಯ ಹೊಸ್ತಿಲ ಮೇಲೆ ನಿಂತು, ಬಂದವರಿಗೆ ಬೀದಿಗೆಲ್ಲ ಕೇಳುವ ಹಾಗೆ "ಬನ್ನಿ, ಒಳಗೆ ಬನ್ನಿ" ಅನ್ನಬೇಕು. ಅಷ್ಟನ್ನು ಹೇಳುವುದಕ್ಕೇ ಅವಳು ಇಪ್ಪತ್ತು ವರ್ಷ ಸಾಲ ತೀರಿಸಲು ತಯಾರಾಗಿದ್ದಳು.

ಮುರಳಿಮೋಹನನ ಬಾಯಲ್ಲಿ ಬೆಣ್ಣೆ ಕರಗುತ್ತಿತ್ತು. "ನೋಡಿ ಕೇಶವ್ ಸಾರ್, ಆಷಾಢ ಬಂದುಬಿಟ್ರೆ ಒಂದು ತಿಂಗಳು ಏನೂ ಮಾಡಂಗಿಲ್ಲ. ಇವತ್ತು ಅಡ್ವಾನ್ಸ್ ಕೊಡಿ, ಶುಕ್ರವಾರ ಹಾಲು ಉಕ್ಕಿಸಿಬಿಡಿ. ರಿಜಿಸ್ಟ್ರೇಷನ್ ಎಲ್ಲಿಗೆ ಓಡಿಹೋಗ್ತದೆ? ಲೋನ್ ಆದ್ಮೇಲೆ ಆರಾಮಾಗಿ ಮಾಡ್ಕೊಳಣ. ಅಮ್ಮಾವ್ರು ಹಿರೇರು, ಅವ್ರನ್ನೇ ಕೇಳಿ."

ಅಮ್ಮಾವ್ರು ಆಗಲೇ ತಮ್ಮ ಪುರೋಹಿತರ ಹತ್ತಿರ ಹೋಗಿ ಅದೇ ಶುಕ್ರವಾರದ ಮುಹೂರ್ತ ಇಡಿಸಿಕೊಂಡು ಬಂದಿದ್ದರು. ಬ್ಯಾಂಕಿನವರು ಇವತ್ತಲ್ಲ ನಾಳೆ ಸಾಲ ಕೊಡುತ್ತಾರೆ, ಮುಹೂರ್ತ ಕಾಯುತ್ತದೆಯೇ? ನಮ್ಮ ಕಡೆ ಯಾರನ್ನೇ ಕೇಳಿ, ಹೀಗೇ ಹೇಳುತ್ತಾರೆ. ಹಾಲು ಉಕ್ಕಿದರೆ ಮನೆ ನಮ್ಮದಾಯಿತು, ಕಾಗದ ಆಮೇಲೆ. ಕೇಶವ್ ಚೆಕ್ ಪುಸ್ತಕ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ.

ಒಲೆಗೆ ಮೂರು ಇಟ್ಟಿಗೆ ಎಲ್ಲಿ ಇಡುವುದೆಂದು ನೋಡಲು ಕಮಲಮ್ಮ ಅಡುಗೆಮನೆಗೆ ಹೋದರು. ಇಡಬೇಕಾದ ಮೂಲೆಯಲ್ಲೇ ಆ ಕಾರ್ಪೆಟ್ಟು. ಸರಿ, ಮಡಚಿಡೋಣ ಎಂದು ತುದಿ ಹಿಡಿದು ಎಳೆದರು.

"ಮಹತೀ, ಬಾ ಇಲ್ಲಿ" ಎಂದ ಅವರ ಧ್ವನಿ ಬೇರೆಯೇ ಆಗಿತ್ತು.

ಹೊಸ ಟೈಲ್ಸು ಬಿಸಿಗೆ ಬಿರುಕು ಬಿಟ್ಟಿತ್ತು. ಮೂರು ಇಟ್ಟಿಗೆ ಇಟ್ಟ ಗುರುತು, ನಡುವೆ ಹೊಗೆಯ ಕಪ್ಪು, ಅದರಿಂದ ಪೂರ್ವದ ಕಡೆಗೆ ಹರಿದು ಸೀದು ಹೋದ ಹಾಲಿನ ಕಂದು ಕಲೆ. ಎದುರಿನ ಗೋಡೆಯಲ್ಲಿ ಬಿಳಿ ಬಣ್ಣದ ಅಡಿಯಿಂದ ಅರಿಶಿನ ಕುಂಕುಮ ಇಣುಕುತ್ತಿತ್ತು.

ಹಿಂದೆಯೇ ಬಂದ ಮುರಳಿಮೋಹನ್ ನಕ್ಕ. "ಅಯ್ಯೋ, ಗಾರೆ ಕೆಲಸದೋರು ಟೀ ಕಾಯ್ಸಿರ್ತಾರೆ ಬಿಡಿ ಅಮ್ಮ. ಟೈಲ್ಸ್ ಬದಲಾಯಿಸಿಕೊಡ್ತೀನಿ."

"ಟೀ ಕಾಯ್ಸೋರು ಗೋಡೆಗೆ ಅರಿಶಿನ ಕುಂಕುಮ ಇಡ್ತಾರೇನಪ್ಪಾ?" ಎಂದರು ಕಮಲಮ್ಮ.

ಮಹತಿ ಹೊರಗೆ ಬಂದಳು. ಪಕ್ಕದ ಮನೆಯ ಅಂಗಳದಲ್ಲಿ ದಿಲ್‌ಷಾದ್ ಬೇಗಂ ಬಟ್ಟೆ ಒಣಹಾಕುತ್ತಿದ್ದರು. ಕಾಂಪೌಂಡಿನ ಹತ್ತಿರ ಹೋಗಿ ಕೇಳಿಯೇಬಿಟ್ಟಳು. "ಅಕ್ಕಾ, ಈ ಮನೇಲಿ ಮೊದಲು ಯಾರಾದ್ರೂ ಇದ್ರಾ?"

ಆಕೆ ಒಮ್ಮೆ ಬಾಗಿಲ ಕಡೆ ನೋಡಿ, ಹೇಳಲೋ ಬೇಡವೋ ಎಂದು ತಡೆದರು. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದರು. "ಇದ್ರಲ್ಲಮ್ಮ. ಗೌರಿಬಿದನೂರಿನ ಹುಡುಗಿ, ಶಿರೀಷಾ ಅಂತ. ಹಾಲು ಉಕ್ಸಿ ನಮ್ಮ ಮನೇಗೂ ಹೋಳಿಗೆ ತಂದುಕೊಟ್ಟಿದ್ಲು. ಹದಿನೈದು ದಿನಕ್ಕೆ ಈ ಯಪ್ಪ ಬಂದು, ರೇಟ್ ಜಾಸ್ತಿ ಆಗಿದೆ, ಇನ್ನೂ ಐದು ಲಕ್ಷ ಕೊಟ್ರೇನೇ ರಿಜಿಸ್ಟ್ರು ಅಂದ. ಹಾಲು ಉಕ್ಸಿದ್ ಮನೆ ಯಾರಮ್ಮ ಬಿಟ್ಟುಹೋಗ್ತಾರೆ, ಹೆಂಗಾದ್ರೂ ತಂದು ಕೊಡ್ತಾರೆ ಅಂತ ಅವನ ಲೆಕ್ಕ. ಅವ್ರ ಕೈಲಿ ಆಗ್ಲಿಲ್ಲ. ಟೆಂಪೋಗೆ ಸಾಮಾನು ಹಾಕಿಸ್ತಾ, ಆ ಹುಡುಗಿ ಹೊಸ್ತಿಲು ಹಿಡ್ಕೊಂಡು ಅತ್ತಳು ನೋಡಿ, ನಾನು ಆವತ್ತು ಊಟ ಮಾಡ್ಲಿಲ್ಲ. ಅಡ್ವಾನ್ಸೂ ವಾಪಸ್ ಕೊಟ್ಟಿಲ್ಲ, ಕಳ್ಳ."

ಮಹತಿಗೆ ಮೈಯೆಲ್ಲ ಉರಿಯಿತು. ಜನರ ನಂಬಿಕೆಯನ್ನೇ ಗಾಳದ ಹುಳ ಮಾಡಿಕೊಂಡು ಕೂತಿದ್ದಾನಲ್ಲ ಇವನು! ಬಡ್ಡಿ ವ್ಯಾಪಾರದವನು ಕೂಡ ಬಾಯಿಬಿಟ್ಟು ಬಡ್ಡಿ ಎನ್ನುತ್ತಾನೆ. ಇವನು ಮುಹೂರ್ತ ಎನ್ನುತ್ತಾನೆ, ಹಿರಿಯರು ಎನ್ನುತ್ತಾನೆ, ಶುಕ್ರವಾರ ಎನ್ನುತ್ತಾನೆ.

ಅವಳು ಒಳಗೆ ಬಂದು ಕೇಳಿದ್ದನ್ನೆಲ್ಲ ಎಲ್ಲರ ಮುಂದೆ ಹೇಳಿದಳು. ಮುರಳಿಮೋಹನನ ಮುಖ ಕೆಂಪಾಯಿತು, ಬೆರಳಿನ ಉಂಗುರ ತಿರುಗಿಸತೊಡಗಿದ, ನಾಲಿಗೆ ಮಾತ್ರ ತೊದಲಲಿಲ್ಲ. "ಅವ್ರ ಹತ್ರ ದುಡ್ಡಿರ್ಲಿಲ್ಲ ಮೇಡಂ, ನಾನೇನ್ ಮಾಡ್ಲಿ? ನಿಮಗೆ ಬೇಕಾದ್ರೆ ಎರಡು ಲಕ್ಷ ಕಮ್ಮಿ ಮಾಡ್ತೀನಿ. ಮೊದಲು ರಿಜಿಸ್ಟರ್ ಮಾಡಿಸ್ಕೊಳ್ಳಿ, ಆಮೇಲೆ ಹಾಲು ಉಕ್ಸಿ. ಅಮ್ಮಾವ್ರಿಗೆ ಮನಸ್ಸಿಗೆ ಸಮಾಧಾನ ಇಲ್ದಿದ್ರೆ ಶಾಂತಿ ಹೋಮಾನೂ ನನ್ನ ಖರ್ಚಲ್ಲೇ ಮಾಡಿಸ್ತೀನಿ."

ಕೇಶವ್ ಹೆಂಡತಿಯನ್ನು ಪಕ್ಕಕ್ಕೆ ಕರೆದ. "ಕೋಪ ಮಾಡ್ಕೋಬೇಡ ಕಣೇ. ಮೊದಲೇ ರಿಜಿಸ್ಟರ್ ಆಗೋದಾದ್ರೆ ನಮಗೇನು ಮೋಸ? ಎರಡು ಲಕ್ಷ ಉಳೀತದೆ. ಅವ್ರ ಹಣೆಬರಹ ಅವ್ರದು."

ಬಿಲ್ಡರನ ಮೇಲೆ ಬಂದ ಕೋಪಕ್ಕಿಂತ ಹೆಚ್ಚಿನ ಕೋಪ ಬಂದದ್ದು ಅವಳಿಗೆ ಈಗಲೇ. ಏಕೆಂದರೆ ಗಂಡ ಹೇಳಿದ್ದು ಸುಳ್ಳಾಗಿರಲಿಲ್ಲ. ಮನೆ ಸಿಗುತ್ತಿತ್ತು. ಆ ಹೊಸ್ತಿಲು ಸಿಗುತ್ತಿತ್ತು. ಒಂದು ಕ್ಷಣ, ದೇವರಾಣೆಗೂ ಒಂದೇ ಒಂದು ಕ್ಷಣ, ಅವಳಿಗೂ ಬೇಕು ಅನ್ನಿಸಿತು.

"ಹಣೆಬರಹ ಅಂತೆ! ಅದನ್ನ ಬರೆದೋನು ಇಲ್ಲೇ ಉಂಗುರ ತಿರುಗಿಸ್ತಾ ನಿಂತಿದ್ದಾನಲ್ಲ ರೀ" ಎಂದಳು ಜೋರಾಗಿ. "ಆ ಹುಡುಗಿ ಅತ್ತು ಹೋದ ಹೊಸ್ತಿಲಿಗೆ ನಾನು ದಿನಾ ರಂಗೋಲಿ ಹಾಕಬೇಕಾ? ಅವಳ ದುಡ್ಡು ಇವನ ಜೇಬಲ್ಲಿರೋವಾಗ, ಎರಡು ಲಕ್ಷ ಕಮ್ಮಿ ಮಾಡ್ತೀನಿ ಅಂತಾನಲ್ಲ, ಅದು ಯಾರ ದುಡ್ಡು? ಸ್ವಲ್ಪ ಯೋಚನೆ ಮಾಡಿ!"

ಕೇಶವ್ ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಹಾಕಿಕೊಂಡ.

ಕಮಲಮ್ಮ ಮುರಳಿಮೋಹನನ ಎದುರಿಗೆ ಬಂದು ನಿಂತರು. "ಹೋಮಕ್ಕೆ ಹೋಗೋ ಪಾಪಾನೇನಪ್ಪ ಇದು? ಮೊದಲು ಆ ಮಗು ದುಡ್ಡು ವಾಪಸ್ ಕೊಡು. ಮುಹೂರ್ತ ಮುಹೂರ್ತ ಅಂತ ಕುಣಿದೋಳು ನಾನೇ, ನನಗೆ ಬುದ್ಧಿ ಇಲ್ಲ. ನಿನಗೆ ಮಾನ ಇಲ್ಲ." ಅಷ್ಟು ಹೇಳಿ, ಕಿಟಕಿಯ ಕಟ್ಟೆಯ ಮೇಲಿದ್ದ ಚೆಕ್ ಪುಸ್ತಕವನ್ನು ತಾವೇ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಷ್ಟರಲ್ಲಿ ಮುರಳಿಮೋಹನನ ಫೋನ್ ರಿಂಗಾಯಿತು. "ವಚ್ಚೇಯಂಡಿ, ಬಂದ್ಬಿಡಿ ಸಾರ್... ಅಲ್ಲಲ್ಲ, ಈಗ ಬೇಡ, ಮನೆ ನಾಳೆ ನೋಡೋರಂತೆ..." ಎನ್ನುವಷ್ಟರಲ್ಲಿ ಗೇಟಿನ ಮುಂದೆ ಸ್ಕೂಟರು ನಿಂತೇಬಿಟ್ಟಿತು. ಒಬ್ಬ ಹುಡುಗ, ಹಿಂದೆ ಮಡಿಲಲ್ಲಿ ಕೂಸು ಇಟ್ಟುಕೊಂಡ ಹುಡುಗಿ. ಇಳಿದವಳೇ ಅವಳು ಮನೆಯನ್ನು ನೋಡಿದ ರೀತಿ ಮಹತಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಹೊಸ್ತಿಲನ್ನೇ ನೋಡಿದಳು.

ಮುರಳಿಮೋಹನ್ ದಡಬಡನೆ ಅಡುಗೆಮನೆಗೆ ಓಡಿ ಕಾರ್ಪೆಟ್ಟಿಗೆ ಕೈ ಹಾಕಿದ. ಮಹತಿ ಹಿಂದೆಯೇ ನುಗ್ಗಿ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಕಂಕುಳಲ್ಲಿ ಅವುಚಿ ಬಾಗಿಲಿಗೆ ಬಂದಳು.

"ಮೇಡಂ, ಇದು ನನ್ನ ಮನೆ!" ಎಂದು ಅವನು ಹಿಂದಿನಿಂದ ಕಿರುಚಿದ.

ಮಹತಿ ತಿರುಗಲಿಲ್ಲ. ಹೊಸ್ತಿಲ ಮೇಲೆ ನೆಟ್ಟಗೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಬನ್ನಿ, ಒಳಗೆ ಬನ್ನಿ. ಮೊದಲು ಅಡುಗೆಮನೆ ನೋಡಿ."