ಬೆಳುವಾಯಿಯ ಅಡ್ಡಗೆರೆ

“ಆ ಕಂಬ ಎತ್ತು ಮಾರಾಯ, ಮಳೆಮಾಪಕದ ಮೇಲೆಯೇ ಶಾಮಿಯಾನ ಹಾಕಿದ್ದಾರೆ!” ಎಂದು ಕೂಗುತ್ತ ಮಾಣಿಯ ಇಬ್ರಾಹಿಂ ಅಂಗಳಕ್ಕೆ ನುಗ್ಗಿದ. ಮುಂಡಾಜೆಯ ದೇವಿಪ್ರಸಾದ್ ಇನ್ನೊಂದು ಕಂಬ ಹಿಡಿದ. ಇಬ್ಬರೂ ಸೇರಿ ಶಾಮಿಯಾನವನ್ನು ಎರಡು ಮಾರು ಆಚೆ ಸರಿಸಿದರು.

ಚಾವಡಿಯಲ್ಲಿ ಸಂಕಪ್ಪ ಬಿಳಿ ಪಂಚೆಯಲ್ಲಿ ಮಲಗಿದ್ದರು. ನಿನ್ನೆ ಮಧ್ಯಾಹ್ನ ಗಂಜಿ ಉಂಡು ಮಲಗಿದವರು ಏಳಲೇ ಇಲ್ಲ. ಎಪ್ಪತ್ತೆಂಟಕ್ಕೆ ಇದಕ್ಕಿಂತ ಒಳ್ಳೆಯ ಸಾವು ಬೇಕೆ ಎಂದು ಬಂದವರೆಲ್ಲ ಹೇಳಿದರು. ಹೆಂಡತಿ ಶಶಿಪ್ರಭಾ ಹೌದೆಂದು ಒಪ್ಪಿ, ಮತ್ತೆ ಅತ್ತರು. ಈಗ ಅವರಿಗಿದ್ದ ಚಿಂತೆ ಒಂದೇ: ಗಂಡ ಮನೆಯಿಂದ ಹೊರಡುವ ಮೊದಲು ಬೆಳಿಗ್ಗೆ ಎಂಟೂವರೆಯ ಮಳೆಯ ಲೆಕ್ಕ ಅವರ ವಾಟ್ಸಾಪ್ ಗುಂಪಿಗೆ ಹೋಗಬೇಕು. ಹನ್ನೊಂದು ವರ್ಷದಲ್ಲಿ ಅವರ ಊರು ಬೆಳುವಾಯಿಯದು ಒಂದು ದಿನವೂ ತಪ್ಪಿರಲಿಲ್ಲ.

ರಾತ್ರಿಯಿಡೀ ಮಳೆ ಹೊಡೆದಿತ್ತು. ಶಾಮಿಯಾನದ ಅಡಿಗೆ ಸಿಕ್ಕಿದ್ದ ಮಾಪಕದಲ್ಲಿ ಮಾತ್ರ ಒಂದು ಹನಿಯೂ ಇರಲಿಲ್ಲ.

* * *

ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಸಂಕಪ್ಪ ಒಂಬತ್ತು ಜನರ ಗುಂಪು ಕಟ್ಟಿಕೊಂಡು ಮಳೆಯ ಲೆಕ್ಕ ಹಂಚತೊಡಗಿದ್ದರು. ಒಂಬತ್ತು ಇನ್ನೂರಾಯಿತು. ಹಪ್ಪಳ ಒಣಗಿಸುವವರಿಂದ ಹಿಡಿದು ಮದುವೆ ಹಾಲಿನವರವರೆಗೆ ಎಲ್ಲರಿಗೂ ಆ ಪಟ್ಟಿ ಬೇಕು. ಮಳೆಯ ವಿಡಿಯೊ, ಗುಡ್ ಮಾರ್ನಿಂಗ್ ಹೂವು ತುಂಬಿ ಅವರ ಫೋನು ಎರಡು ಸಲ ಸತ್ತಿತು. ಆಗ ನಿಯಮ ಬಂತು: ಊರಿನ ಹೆಸರು, ಮಿಲಿಮೀಟರಿನಲ್ಲಿ ಒಂದು ಅಂಕಿ, ಅಷ್ಟೇ. ಚಿತ್ರ ಹಾಕಿದವರು ಒಂದು ವಾರ ಹೊರಗೆ. ಬಂಟ್ವಾಳ ತಾಲೂಕಿನ ಲೆಕ್ಕ ಇಬ್ರಾಹಿಂ ಒಟ್ಟುಮಾಡಬೇಕು, ಬೆಳ್ತಂಗಡಿಯದು ದೇವಿಪ್ರಸಾದ್. ಮೂಡುಬಿದಿರೆಯದನ್ನು ಅವರೇ ಇಟ್ಟುಕೊಂಡರು.

ಒಮ್ಮೆ ಇಬ್ರಾಹಿಂ ಮಗಳ ಮದುವೆಯ ಗಡಿಬಿಡಿಯಲ್ಲಿ ಮಾಪಕ ನೋಡದೆಯೇ ಸೊನ್ನೆ ಹಾಕಿದ್ದ. ಸಂಕಪ್ಪ ಮದುವೆಗೆ ಬಂದು, ಬಿರಿಯಾನಿ ಉಂಡು, ಕೈ ತೊಳೆಯುವಾಗ ಅವನನ್ನು ಹಿಡಿದರು.

“ಸೊನ್ನೆ ಅಂದ್ರೆ ಮಳೆ ಬರ್ಲಿಲ್ಲ ಅಂತ. ನೋಡ್ಲಿಕ್ಕೆ ಆಗದಿದ್ರೆ ಅಡ್ಡಗೆರೆ ಹಾಕು. ಆ ದಿನ ನೋಡುವವ ಇರ್ಲಿಲ್ಲ ಅಂತ ಗೊತ್ತಾಗ್ತದೆ. ಅದರಲ್ಲಿ ನಾಚಿಕೆ ಎಂತ ಉಂಟು?”

* * *

“ಗುಂಪಿನಲ್ಲಿ ನೂರೆಂಬತ್ತು ಓಂ ಶಾಂತಿ ಉಂಟು, ದೀಪದ ಚಿತ್ರ ಬೇರೆ,” ದೇವಿಪ್ರಸಾದ್ ಫೋನು ತೀಡುತ್ತ ಗೊಣಗಿದ. “ನಡುವಿನಿಂದ ಅಂಕಿ ಹೆಕ್ಕಿ ಹೆಕ್ಕಿ ಸಾಕಾಯ್ತು.”

ಶಶಿಪ್ರಭಾ ಕಣ್ಣೊರೆಸಿಕೊಂಡು ನಕ್ಕರು. “ಅವರಿದ್ದಿದ್ರೆ ಎಲ್ಲರನ್ನೂ ಒಂದು ವಾರ ಹೊರಗೆ ಹಾಕ್ತಿದ್ರು.”

“ಬೆಳುವಾಯಿ ಒಂದೇ ಬಾಕಿ ಅಕ್ಕ,” ಎಂದ ಇಬ್ರಾಹಿಂ. “ಮೂಡುಬಿದಿರೆಯಲ್ಲಿ ಮೂವತ್ತೆರಡು. ಇಲ್ಲಿಗೆ ಮೂವತ್ತು ಹಾಕುವ. ಅಣ್ಣ ಹೋಗುವ ದಿನವೇ ತಪ್ಪುವುದು ಬೇಡ.”

“ಮೂವತ್ತು ಬಂದಿರಬಹುದು,” ಎಂದರು ಶಶಿಪ್ರಭಾ. “ನೋಡಿದವರು ಯಾರು? ಕೈ ತೊಳೆಯುವಾಗ ಬೈಸಿಕೊಂಡದ್ದು ನಿನಗೆ ಸಾಲದಾ?”

ಇಬ್ರಾಹಿಂ ತಲೆ ತಗ್ಗಿಸಿ ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು. ಶಶಿಪ್ರಭಾ ಗಂಡನ ಫೋನು ತೆಗೆದುಕೊಂಡು, ಅವರ ತಲೆಯ ಬಳಿ ಕುಳಿತು, ಒಂದೇ ಬೆರಳಿನಲ್ಲಿ ಒತ್ತಿದರು. ಹೊರಗೆ ಮತ್ತೆ ಮಳೆ ಹನಿಯಿತು. ತೆರೆದ ಮಾಪಕದಲ್ಲಿ ಟಪ್ ಎಂದು ಮೊದಲ ಹನಿ ಬಿತ್ತು.

ಒಂಬತ್ತಕ್ಕೆ ಸರಿಯಾಗಿ ಇನ್ನೂರು ಮನೆಗಳಿಗೆ ಪಟ್ಟಿ ಹೋಯಿತು. ಅದರ ಕೊನೆಯ ಸಾಲುಗಳು:

ಮುಂಡಾಜೆ 41
ಮಾಣಿ 27
ಮೂಡುಬಿದಿರೆ 32
ಬೆಳುವಾಯಿ —