ಗೇರಿಗೆ ಹಾಕಿದಾಗ ಬರುವ ಸಪ್ಪಳ

ನನ್ನ ಕಿವಿ ಬಹಳ ಚುರುಕು ಎಂದು ಹಿರೇಕೆರೂರಿನ ಪಂಪ್‌ಸೆಟ್ ಗ್ಯಾರೇಜಿನ ಮಕ್ತುಮಸಾಬರು ಬಂದವರ ಮುಂದೆಲ್ಲ ಹೊಗಳುತ್ತಾರೆ. ಐದು ವರ್ಷದಿಂದ ಅವರ ಕೈಕೆಳಗೆ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದೇನೆ. "ಮೊದ್ಲ ಕಿವಿ, ಆಮ್ಯಾಲ ಪಾನಾ" ಎಂಬುದು ಅವರು ಕಲಿಸಿದ ಮೊದಲ ಪಾಠ: ಸಪ್ಪಳ ಕೇಳದೆ ಸ್ಪ್ಯಾನರ್ ಹಿಡಿಯಬಾರದು. ಆ ದಿನ ಈ ಕಿವಿ ಕಿವುಡಾಗಿದ್ದರೆ ಚೆನ್ನಾಗಿತ್ತು.

ನಮ್ಮ ಅಪ್ಪ ಮಾಳಪ್ಪ ಮಾಸೂರಿನ ಮದಗದ ಕೆರೆಯಲ್ಲಿ ಮೋಟಾರು ಬೋಟು ನಡೆಸುತ್ತಿದ್ದ. ಕೆರೆ ನೋಡಲು ಬಂದವರನ್ನು ಕೂರಿಸಿಕೊಂಡು ಗುಡ್ಡದ ತನಕ ಹೋಗಿ ಒಂದು ಸುತ್ತು ಹಾಕಿ ಬರುವ ಕೆಲಸ. ಇಪ್ಪತ್ತೈದು ವರ್ಷ ಕಂಡವರ ಗದ್ದೆಯಲ್ಲಿ ಬಗ್ಗಿ ದುಡಿದವನು ಬೋಟಿನ ಮೇಲೆ ನೆಟ್ಟಗೆ ನಿಲ್ಲುತ್ತಿದ್ದ. ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು, "ಕುಂದರ್ರಿ, ಯಾರೂ ಏಳಬ್ಯಾಡ್ರಿ" ಎಂದರೆ ಗೌಡರ ಮನೆಯವರೂ ತೆಪ್ಪಗೆ ಕೂರುತ್ತಿದ್ದರು. ನಮ್ಮ ಕೇರಿಯವನ ಮಾತಿಗೆ ಅವರು ಕೂತಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮಾನವಮಿ ಮುಗಿದು ಎರಡು ವಾರಕ್ಕೆ ಬೋಟಿನಲ್ಲಿ ಸಪ್ಪಳ ಶುರುವಾಯಿತು. ಬೋಟಿನ ಗುತ್ತಿಗೆ ಹಿಡಿದಿದ್ದ ಶಿವಯೋಗಿ ಸಾವಕಾರರು ಎಂಜಿನ್ನಿನ ಹತ್ತಿರವೂ ಹೋಗದೆ ತೀರ್ಪು ಕೊಟ್ಟುಬಿಟ್ಟರು: ಮಾಳ್ಯಾ ಅದನ್ನು ಕಲ್ಲಿಗೆ ಬಡಿಸಿದ್ದಾನೆ. ಅದು ನಿಜವೆಂದಾದರೆ ಅಪ್ಪ ಜಾಕೀಟು ಬಿಚ್ಚಿಡಬೇಕಿತ್ತು. ಹಾಕಿಕೊಳ್ಳಲು ಸಾವಕಾರರ ಅಳಿಯ ತುದಿಗಾಲಲ್ಲಿ ನಿಂತಿದ್ದ.

"ಬಡಿಸೀ ಏನಪ್ಪಾ?" ಎಂದು ಕೇಳಿದೆ.

"ನಮ್ಮವ್ವನ ಆಣಿ, ಇಲ್ಲವಾ" ಎಂದ ಅಪ್ಪ. ಅವನು ಆಣೆ ಮಾಡುವವನಲ್ಲ. ನಾನು ಒಂದು ದಿನ ರಜೆ ಹಾಕಿ ಪಾನಾಗಳ ಚೀಲ ಹೆಗಲಿಗೇರಿಸಿದೆ.

ಹೊಟ್ಟೆಯಲ್ಲಿ ಹಳೆಯ ಸಿಟ್ಟೂ ಇತ್ತು. ಆಯುಧಪೂಜೆ, ಅಂದರೆ ನಮ್ಮ ಕಡೆಯ ಖಂಡೇಪೂಜೆಯ ದಿನ ಅಪ್ಪ ನಸುಕಿನಲ್ಲೇ ಎದ್ದು ಬೋಟು ತೊಳೆದು ಒರೆಸಿ ಇಟ್ಟಿದ್ದ. ಪೂಜೆಯವರು ಬಂದ ಕೂಡಲೇ ಸಾವಕಾರರು, "ಮಾಳ್ಯಾ, ನೀ ಒಡ್ಡಿನ ಮ್ಯಾಲ ನಿಂದ್ರು" ಎಂದರಂತೆ. ದಿನಾ ಅವನ ಕೈಯಲ್ಲೇ ಇರುವ ಎಂಜಿನ್ನಿಗೆ ಕುಂಕುಮ ಹಚ್ಚುವಾಗ ಮಾತ್ರ ಆ ಕೈ ಬೇಡವಾಯಿತು. ಮನೆಗೆ ಬಂದು ಅಪ್ಪ ಅದನ್ನು ನಗುತ್ತಲೇ ಹೇಳಿದ. ನನಗೆ ಮೈಯೆಲ್ಲ ಉರಿಯಿತು. "ಅವರ ಪೂಜಿ ಹಾಳಾಗ್ಲಿ, ನೀ ಯಾಕ ಹೋಗಿ ನಿಂತಿ?" ಎಂದು ರೇಗಿದೆ. ನನಗೆ ಸಮತಾ ಎಂದು ಹೆಸರಿಟ್ಟ ಮೇಲೆ ಇಷ್ಟನ್ನಾದರೂ ಕೇಳಬೇಕಲ್ಲ. ಅವ್ವ ಗುತ್ತೆವ್ವ ಮೂಲೆಯಲ್ಲಿ ಕೂತು, ಗೊಬ್ಬರದ ಚೀಲದ ಬಾಯಿ ಹೊಲಿದಿದ್ದ ದಾರವನ್ನು ಜಗ್ಗಿ ಜಗ್ಗಿ ಉಂಡೆ ಸುತ್ತುತ್ತಿದ್ದಳು. ಅದು ಕೊಳೆಯುವುದಿಲ್ಲ, ಹರಿಯುವುದಿಲ್ಲ ಎಂದು ಅವಳು ಗೇಣುದ್ದವನ್ನೂ ಬಿಸಾಡುವವಳಲ್ಲ.

ಕೆರೆಯ ದಂಡೆಗೆ ಹೋದಾಗ ಸಾವಕಾರರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಅಳಿಯ. "ಹೆಣಮಕ್ಕಳು ಎಂಜಿನ್ ನೋಡೂ ಕಾಲ ಬಂತು" ಎಂದು ಅವನು ಹಲ್ಲು ಕಿರಿದ. ನಾನು ಬೋಟನ್ನು ಎರಡು ಹಗ್ಗದಿಂದ ಗೂಟಕ್ಕೆ ಬಿಗಿದು ಕಟ್ಟಿಸಿ, ಎಂಜಿನ್ ಚಾಲೂ ಮಾಡಲು ಅಪ್ಪನಿಗೆ ಹೇಳಿದೆ.

ಗೇರಿಗೆ ಹಾಕದೆ ಬಿಟ್ಟಾಗ ಎಂಜಿನ್ ಲಕ್ಷಣವಾಗಿ ಓಡಿತು. ವೇಗ ಏರಿಸಿದರೂ ಅಷ್ಟೇ. "ಈಗ ಗೇರಿಗೆ ಹಾಕು" ಎಂದೆ. ಹಾಕಿದ್ದೇ ತಡ, ನೀರಿನ ಕೆಳಗಿನಿಂದ ಗರಗರ ಎಂದು ಒಂದು ನರಳಾಟ ಬಂತು, ಬೀಸುವ ಕಲ್ಲಿನಲ್ಲಿ ಹರಳು ಸಿಕ್ಕ ಹಾಗೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ತಲೆಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡೆ. ಅಲ್ಲಿ ಏನಿಲ್ಲ. ಕೆಳಗೆ ಕೆಳಗೆ ಸರಿಸುತ್ತ ಬಂದೆ. ಎಂಜಿನ್ನಿನ ಕಾಲಿನ ಬುಡದಲ್ಲಿ, ನೀರಿನಲ್ಲಿ ಮುಳುಗಿರುವ ಗೇರಿನ ಡಬ್ಬಿಯ ಹತ್ತಿರ, ಆ ನರಳಾಟ ನನ್ನ ಹಲ್ಲಿನ ತನಕ ಬಂತು.

ಎಂಜಿನ್ನನ್ನು ಮೇಲಕ್ಕೆತ್ತಿ, ನೀರು ತಳ್ಳುವ ಫ್ಯಾನಿನ ಎಲೆಗಳನ್ನು ಒಂದೊಂದಾಗಿ ಸವರಿದೆ. ಮೂರೂ ಎಲೆ ನೆಟ್ಟಗಿದ್ದವು. "ಸಾವ್ಕಾರ್ರ, ಕಲ್ಲಿಗೆ ಬಡದಿದ್ರ ಎಲಿ ಬಾಗತಿತ್ತು, ಇಲ್ಲಾ ಮುರೀತಿತ್ತು. ನೀವ ಬಂದು ಮುಟ್ಟಿ ನೋಡ್ರಿ" ಎಂದೆ. ಅವರು ಏಳಲಿಲ್ಲ. ಅಪ್ಪನ ಮುಖ ಮಾತ್ರ ಅರಳಿತು. ಅದನ್ನು ನೋಡಿ ನನಗೂ ಉಮೇದು ಬಂತು.

ಡಬ್ಬಿಯ ತಳದ ಬೋಲ್ಟು ಸಡಿಲಿಸಿದೆ. ಹೊಳೆಯುವ ಎಣ್ಣೆ ಇಳಿಯಬೇಕಾದ ಕಡೆ ಹಾಲು ಹೆಚ್ಚಾದ ಚಹಾದಂಥದ್ದು ಸುರಿಯಿತು. ಒಳಗೆ ನೀರು ಹೊಕ್ಕಿತ್ತು, ಬೇರಿಂಗು ತಿಂದು ಹೋಗಿತ್ತು. ನೀರು ಹೋಗಲು ಇರುವ ದಾರಿ ಮುಖ್ಯವಾಗಿ ಒಂದೇ: ಫ್ಯಾನಿನ ಹಿಂದಿನ ರಬ್ಬರ್ ಸೀಲು.

"ಸೀಲಿಗೆ ದಾರ ಸುತ್ತಿರಬೇಕು. ದಾರ ಸುತ್ತಿ ಸುತ್ತಿ ಸೀಲು ಕೊಯ್ದು ಹಾಕತೈತಿ" ಎಂದೆ. ಹೇಳುತ್ತಿದ್ದಂತೆಯೇ ನನಗೆ ಖಂಡೇಪೂಜೆ ನೆನಪಾಯಿತು. ಬೋಟಿಗೆ ಹಾಕಿದ್ದ ಮಾರುದ್ದದ ಮಾಲೆಯನ್ನು ಪೂಜೆ ಮುಗಿದ ಮೇಲೆ ನೀರಿನ ದೇವತೆ ಗಂಗವ್ವನಿಗೆಂದು ಕೆರೆಗೇ ಬಿಟ್ಟಿದ್ದರಂತೆ. ಸಿಕ್ಕರಲ್ಲ ಕೈಗೆ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು.

"ನೀವು ಪೂಜಿ ಮಾಡಿ ಕೆರಿಗೆ ಬಿಟ್ಟ ಮಾಲಿ ರೀ ಅದು! ಮಾಡಿದಾವ್ರು ನೀವು, ಹಚ್ಚೂದು ನಮ್ಮಪ್ಪಗ!"

ಅಪ್ಪ ನನ್ನ ತೋಳು ಹಿಡಿದ. ಅವನ ಮುಖದಲ್ಲಿ ಆಗಿನ ಕಳೆ ಇರಲಿಲ್ಲ. "ಸಮತಾ, ಬಿಚ್ಚಬ್ಯಾಡ. ಕಲ್ಲಿಗೇ ಬಡದಿತ್ತು ಅನ್ನೂಣು. ನಡಿಯವಾ ಮನಿಗೆ."

ನಾನು ಕೈ ಕೊಸರಿಕೊಂಡೆ. ಒಡ್ಡಿನ ಮೇಲೆ ನಿಲ್ಲು ಎಂದರೆ ನಿಲ್ಲುವವನು, ಮಾಡದ ತಪ್ಪನ್ನೂ ಒಪ್ಪಿಕೊಳ್ಳುವವನು. ಈ ಹೇಡಿತನ ನೋಡಿ ನೋಡಿ ನನಗೆ ಸಾಕಾಗಿತ್ತು. "ಜೀವನಪೂರ್ತಿ ಹಿಂಗ ಬಗ್ಗಿ ಸಾಯಿ" ಎಂದೆ, ಎಲ್ಲರ ಎದುರಿಗೇ. ಪಿನ್ನು ಎಳೆದು, ನಟ್ಟು ಬಿಚ್ಚಿ, ಫ್ಯಾನನ್ನು ಹೊರಗೆ ಜಗ್ಗಿದೆ.

ಶಾಫ್ಟಿನ ಸುತ್ತ ದಾರ ಉಂಗುರದ ಹಾಗೆ ಗಟ್ಟಿಯಾಗಿ ಕೂತಿತ್ತು. ಚಾಕುವಿನ ತುದಿಯಿಂದ ಎಬ್ಬಿಸಿ ಬಿಡಿಸುತ್ತ ಹೋದೆ. ಮಾಸಿದ ಅರಿಶಿನ ಬಣ್ಣ, ಗೇಣಿಗೊಂದು ಎರಡೆರಡು ಸಲ ಬಿಗಿದ ಗಂಟು. ತುದಿಯಲ್ಲಿ ದೃಷ್ಟಿಯಾಗದಿರಲೆಂದು ಕಟ್ಟಿದ ಹಳೆಯ ಕುಬಸದ ಕೆಂಪು ಚಿಂದಿ. ಆ ಕುಬಸ ನನಗೆ ಗೊತ್ತಿತ್ತು. ಗೊಬ್ಬರದ ಚೀಲದ ಆ ದಾರವೂ ಗೊತ್ತಿತ್ತು.

ಮುಷ್ಟಿಯಲ್ಲಿ ಮುಚ್ಚಿಕೊಳ್ಳುವಷ್ಟರಲ್ಲಿ ಸಾವಕಾರರು ಎದ್ದು ಬಂದಿದ್ದರು. ಮೊದಲ ಸಲ ಎದ್ದಿದ್ದು. ದಾರ ಎಳೆದು ನೋಡಿ, "ನಮ್ಮ ಮಾಲಿ ಬಾಳಿ ನಾರಿನಾಗ ಕಟ್ಟಿದ್ದು. ಇದು ಯಾರ ಮನೀದು?" ಎಂದರು.

ಮೀನುಗಾರರ ಬಲೆಯದು ಎಂದಿದ್ದರೆ ಮುಗಿದಿತ್ತು. ಅಷ್ಟು ಬುದ್ಧಿ ಆಗ ಓಡಲಿಲ್ಲ.

"ನಂದರೀ" ಎಂದ ಅಪ್ಪ. "ನಿಮ್ಮ ಮಾಲಿ ಫ್ಯಾನಿಗೆ ಸಿಕ್ಕೀತಂತ ಅವತ್ತ ಸಂಜಿಗೆ ಬಿದಿರುಗಳಾ ಹಾಕಿ ತಗದು ಗಿಡಕ್ಕ ಹಾಕೇನ್ರಿ. ಮರುದಿನ ಮುಂಜಾನಿ ಯಾರೂ ಇದ್ದಿದ್ದಿಲ್ಲ. ನಡಸಾಂವ ನಾನು, ನನ್ನ ಕೈಲೆ ಒಂದು ಮಾಲಿ ಬೀಳಲಿ ಅಂತ ನಮ್ಮಾಕಿ ಕಡೆ ಕಟ್ಟಿಸಿದ್ದೆ. ಮ್ಯಾಲ ಕಟ್ಟಿದ್ರ ನಿಮಗ ಕಾಣತೈತಂತ ಅಂಜಿ, ಕೆಳಗ ನೀರಿನ ಸಮೀಪ ಕಟ್ಟಿದ್ದೆ. ಅದ ಜಾರಿರಬೇಕು."



"ಪೂಜಿ ಆಗಿತ್ತಲ್ಲೋ" ಎಂದರು ಸಾವಕಾರರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದವರ ಹಾಗೆ. "ಮತ್ತ ನಿಂದ್ಯಾಕ ಬೇಕಾಗಿತ್ತು?"

ಅಪ್ಪ ಜಾಕೀಟು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟ. ಅಳಿಯ ಅಲ್ಲೇ ಹಾಕಿಕೊಂಡು ಅಳತೆ ನೋಡಿದ. "ನಿನ್ನ ಮಗಳ ಕಿವಿ ಭಾರಿ ಐತಿ ಬಿಡೋ" ಎಂದು ಸಾವಕಾರರು ನನ್ನ ಕಡೆ ತಿರುಗಿ, "ಸೋಮವಾರ ಬಂದು ಹೊಸಾ ಬೇರಿಂಗ್ ಹಾಕಿ ಕೊಡು ತಂಗಿ" ಎಂದರು. ಸತ್ಯ ಹೊರಗೆ ಹಾಕುತ್ತೇನೆಂದು ಹೋಗಿ ಅಪ್ಪನ ತಲೆಯ ಮೇಲೆ ನನ್ನ ಕೈಯಾರೆ ಕಲ್ಲುಚಪ್ಪಡಿ ಎಳೆದಿದ್ದೆ. ಅದಕ್ಕೆ ಬಹುಮಾನವೂ ಸಿಕ್ಕಿತು.

ದಾರಿಯಲ್ಲಿ ಅಪ್ಪ ಮುಂದೆ, ನಾನು ಹಿಂದೆ. "ತಪ್ಪಾತು ಅಪ್ಪಾ" ಎನ್ನಲು ಮೂರು ಸಲ ಬಾಯಿ ತೆರೆದೆ. ಹೇಡಿ ಎಂದುಕೊಂಡಿದ್ದು ಯಾರನ್ನು ಎಂದು ನೆನೆದರೆ ನಾಲಿಗೆ ಹೊರಳುತ್ತಿರಲಿಲ್ಲ. ಓಣಿಯ ಬಾಯಿಗೆ ಬಂದಾಗ ಅವನೇ ತಿರುಗಿ ನಿಂತ. "ನಿಮ್ಮವ್ವಗ ಹೇಳಬ್ಯಾಡ" ಎಂದ, ಅಷ್ಟೇ.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಿತ್ತವಾ ಸಪ್ಪಳ?"

"ಕಲ್ಲಿಗೆ ಬಡದಿತ್ತು" ಎಂದ ಅಪ್ಪ. "ನಂದ ತಪ್ಪು. ನಾಳಿಂದ ಬರಬ್ಯಾಡ ಅಂದ್ರು."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಗೂಡಿನಿಂದ ದಾರದ ಉಂಡೆ ತೆಗೆದು, ಕೂತು ತೊಡೆಯ ಮೇಲಿಟ್ಟುಕೊಂಡಳು. "ಆ ಮಾಲಿ ಉದುರಿ ಬಿದ್ದಿರಬೇಕು, ಅದಕ್ಕ ಹಿಂಗಾತು. ಇನ್ನೊಂದು ಕಟ್ಟಿ ಕೊಡ್ತೇನಿ, ಗಂಗವ್ವಗ ಹಾಕಿ ಬರ್ರಿ. ಈ ಸಲ ಎರಡು ಎಳಿ ಕೂಡಿಸಿ ಕಟ್ತೇನಿ" ಎನ್ನುತ್ತ ದಾರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. "ಹಿಡಿ, ಜಗ್ಗಿ ನೋಡು. ಹರೀತೈತೇನು?"

ಜಗ್ಗಿದೆ. ಬೆರಳು ಕೊಯ್ಯುವ ತನಕ ಜಗ್ಗಿದೆ. ಅದು ಹರಿಯಲಿಲ್ಲ.