ಸಂಡಿಗೆಯ ಮೇಲೆ ಕೂತ ಸೀಸದ ಧೂಳು

ಶುಕ್ರವಾರ ಬೆಳಿಗ್ಗೆ ಬಟ್ಟೆ ವಿಂಗಡಿಸುತ್ತಿದ್ದೆ. ಬಿಳಿಯದು ಒಂದು ಕಡೆ, ಬಣ್ಣದ್ದು ಇನ್ನೊಂದು ಕಡೆ. ನಮ್ಮ ಮನೆಯಲ್ಲಿ ವಾಷಿಂಗ್ ಮಷೀನ್ ಇರುವ ಪುಟ್ಟ ಕೋಣೆಗೆ ಎರಡು ಬಾಗಿಲು. ಒಂದು ಅಡುಗೆಮನೆಗೆ, ಇನ್ನೊಂದು ಗ್ಯಾರೇಜಿಗೆ. ಡ್ಯಾಲಸ್ ಪಕ್ಕದ ಪ್ರಾಸ್ಪರ್‌ನ ನಮ್ಮ ಬಡಾವಣೆಯಲ್ಲಿ ಎಲ್ಲರ ಮನೆಯೂ ಹೀಗೇ. ಮುಂಬಾಗಿಲು ನೆಂಟರಿಗೆ, ಗ್ಯಾರೇಜಿನ ಬಾಗಿಲು ನಮಗೆ. ನನ್ನ ಗಂಡ ಶ್ರೀಕರ್ ಅವರ ನೀಲಿ ಅಂಗಿ, ಮಗಳು ನಿಧಿಯ ಫ್ರಾಕು, ಎರಡನ್ನೂ ಒಟ್ಟಿಗೆ ಮಷೀನಿಗೆ ಹಾಕಿ ಸೋಪು ಸುರಿಯುವಷ್ಟರಲ್ಲಿ ಫೋನ್ ಬಂತು.

ನಿಧಿಯ ಡಾಕ್ಟರ ಕ್ಲಿನಿಕ್ಕಿನ ನರ್ಸ್. ಶಾಲೆಗೆ ಸೇರಿಸುವ ಮುಂಚಿನ ತಪಾಸಣೆಯಲ್ಲಿ ತೆಗೆದ ರಕ್ತದ ರಿಪೋರ್ಟ್ ಬಂದಿದೆ, ಲೆಡ್ ಹನ್ನೊಂದು ಇದೆ ಎಂದಳು.

ಹನ್ನೊಂದು ಹೆಚ್ಚೋ ಕಡಿಮೆಯೋ ನನಗೆ ಗೊತ್ತಾಗಲಿಲ್ಲ. ಕೇಳಿದೆ. ಮಕ್ಕಳ ಮೈಯಲ್ಲಿ ಲೆಡ್ ಎಷ್ಟಿದ್ದರೂ ಒಳ್ಳೆಯದಲ್ಲ, ಮೂರೂವರೆ ದಾಟಿದರೇ ನಾವು ಮೂಲ ಹುಡುಕಲು ಶುರು ಮಾಡುತ್ತೇವೆ, ಅದು ಸದ್ದಿಲ್ಲದೆ ಮಿದುಳಿಗೆ ತೊಂದರೆ ಮಾಡುತ್ತದೆ, ಕಲಿಯುವ ಶಕ್ತಿ ಕುಗ್ಗಿಸುತ್ತದೆ ಎಂದು ಮೆಲ್ಲಗೆ ಹೇಳಿದಳು. ನಾನು ಸೋಪಿನ ಡಬ್ಬಿ ಹಿಡಿದುಕೊಂಡೇ ನಿಂತಿದ್ದೆ.

ನಿಧಿಗೆ ಐದು ವರ್ಷ. ಆಗಸ್ಟಿನಲ್ಲಿ ಶಾಲೆಗೆ ಸೇರಬೇಕು. ಒಂದು ತಿಂಗಳಿಂದ ಹೊಟ್ಟೆನೋವು ಅನ್ನುತ್ತಿದ್ದಳು. ತಟ್ಟೆಯ ಮುಂದೆ ಕೂತರೆ ಊಟ ಸೇರದು, ಕೂತಲ್ಲಿ ಕೂರಲಾರಳು, ಸಣ್ಣದಕ್ಕೂ ಅಳು. ಹೊರಗೆ ಬೆಂಕಿಯಂಥ ಬಿಸಿಲು, ಮನೆಯೊಳಗೇ ಕೂಡಿಹಾಕಿದ್ದಕ್ಕೆ ಮಗು ಹೀಗಾಡುತ್ತಿದೆ ಅಂದುಕೊಂಡಿದ್ದೆ.

ನರ್ಸ್ ಒಂದೊಂದಾಗಿ ಪ್ರಶ್ನೆ ಕೇಳಿದಳು. ಮನೆಯಲ್ಲಿ ಹಳೆಯ ಪೇಂಟ್ ಇದೆಯೇ? ಇಲ್ಲ, ಹೊಸ ಮನೆ. ಇಂಡಿಯಾದಿಂದ ತಂದ ಅರಿಶಿನ, ಮಸಾಲೆ? ಇದೆ. ಕುಂಕುಮ? ಇದೆ. ಲೇಹ್ಯ, ಚೂರ್ಣ, ಹಿತ್ತಾಳೆ ಪಾತ್ರೆ? ಇವೆ. ಮೀನಿನ ಗಾಳಕ್ಕೆ ಕಟ್ಟುವ ತೂಕದ ಗುಂಡು, ಬಂದೂಕಿನ ಗುಂಡು, ಇಂಥದ್ದೇನಾದರೂ ಮನೆಯಲ್ಲಿ ಇದೆಯೇ?

"ಪಿಸ್ತೂಲು ಒಂದಿದೆ. ಆದರೆ ಲಾಕರಿನಲ್ಲಿ ಬೀಗ ಹಾಕಿಟ್ಟಿದ್ದೇವೆ. ಮಗು ಹತ್ತಿರ ಹೋಗಲಾರಳು" ಎಂದೆ, ಸ್ವಲ್ಪ ಜಂಬದಿಂದಲೇ. ಅವಳು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ಗುಂಡಿನಿಂದ ಅಪಾಯ ಅಂದರೆ ಅದು ಹಾರಿದಾಗ ಮಾತ್ರ ಎಂದು ನಾನು ತಿಳಿದಿದ್ದೆ.

ಮೇಲಿನ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದ ಶ್ರೀಕರ್ ವಿಷಯ ಕೇಳಿ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದರು.

"ನಿಮ್ಮಮ್ಮ ಕಳಿಸಿದ ಅರಿಶಿನ ಕಣೇ! ಅವತ್ತೇ ಹೇಳಿದೆ, ಅಷ್ಟೊಂದು ಹಳದಿ ಎಲ್ಲಾದ್ರೂ ಇರುತ್ತಾ ಅಂತ."

"ಅರಿಶಿನ ಹಳದಿ ಇಲ್ದೆ ಇನ್ನೇನು ನೀಲಿ ಇರುತ್ತಾ? ನಿಮ್ಮ ಅಕ್ಕ ಕೊಟ್ಟ ಲೇಹ್ಯ ಎಲ್ಲಿಟ್ಟಿದೀರಿ? ಮೊದಲು ಅದನ್ನ ತೆಗೀರಿ."

ಇಬ್ಬರೂ ಅಡುಗೆಮನೆಗೆ ನುಗ್ಗಿದೆವು. ಅರಿಶಿನ, ಮೆಣಸಿನಪುಡಿ, ಕುಂಕುಮ, ಕಾಡಿಗೆ, ಲೇಹ್ಯ, ಎಲ್ಲವೂ ಚೀಲಕ್ಕೆ. ಹಿತ್ತಾಳೆ ಚೊಂಬನ್ನು ಅಟ್ಟಕ್ಕೆ ಏರಿಸಿದೆವು. ನಿಧಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮಾ..." ಅಂದಳು.

"ಏನು ಪುಟ್ಟಿ?"

"ನಥಿಂಗ್" ಎಂದು ಬೆರಳು ಬಾಯಿಗಿಟ್ಟುಕೊಂಡಳು.

ಎರಡು ಬೀದಿ ಆಚೆ ಚಂದ್ರಪ್ರಭಾ ಆಂಟಿ ಇದ್ದಾರೆ. ಧಾರವಾಡದವರು. ಮೂವತ್ತು ವರ್ಷ ಇಲ್ಲಿ ಮಕ್ಕಳ ಡಾಕ್ಟರಾಗಿದ್ದು ಈಗ ನಿವೃತ್ತರು. ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಬಂದರು. ಬಂದವರೇ ಕಸದ ಚೀಲ ನೋಡಿದರು.

"ಏನವಾ ವಸುಧಾ, ಮಸಾಲಿ ಡಬ್ಬಿ ಎಲ್ಲಾ ಕಸಕ್ಕ ಹಾಕೀ? ಇನ್ನ ಸಾರಿಗೆ ಏನ್ ಹಾಕ್ತೀ, ಮಣ್ಣ?"

"ನಗಬೇಡಿ ಆಂಟಿ. ಕೈಕಾಲೇ ಆಡ್ತಿಲ್ಲ."

"ಅರಿಶಿಣದಾಗೂ ಸೀಸ ಬೆರಸಿರ್ತಾರ, ಖರೇ ಅದ. ಟೆಸ್ಟ್ ಮಾಡಸೋಣು. ಆದ್ರ ಮದಲ ಇದನ್ನ ಹೇಳು, ಕೂಸು ಯಾವಾಗಿಂದ ಹೊಟ್ಟಿನೋವು ಅಂತದ?"

"ಮೇ ತಿಂಗಳಿಂದ."

"ಅರಿಶಿಣ ಯಾವಾಗಿಂದ ತಿಂತೀರಿ?"

"ಯಾವಾಗ್ಲೂ ತಿಂತೀವಿ."

"ಹಂಗಾರ ಮೇದಾಗ ಹೊಸಾದು ಏನ್ ಸುರು ಮಾಡೀರಿ?"

ಯೋಚಿಸಿದೆ. "ಹೊಸದು ಅಂದ್ರೆ ಏನಿಲ್ಲ ಆಂಟಿ. ಬಿಸಿಲು ಬಂತಲ್ಲ, ಸಬ್ಬಕ್ಕಿ ಸಂಡಿಗೆ ಹಾಕೋಕೆ ಶುರು ಮಾಡಿದೆ ಅಷ್ಟೇ."

"ಎಲ್ಲೆ ಒಣಗಸ್ತೀ?"

"ಗ್ಯಾರೇಜಲ್ಲಿ."

"ನಡಿ, ತೋರಸು."

ಹೋದ ವರ್ಷ ಮನೆಯ ಮುಂದೆ, ಕಾರು ನಿಲ್ಲಿಸುವ ಸಿಮೆಂಟಿನ ಮೇಲೆ ಪಂಚೆ ಹಾಸಿ ಸಂಡಿಗೆ ಹಾಕಿದ್ದೆ. ಮೂರನೇ ದಿನ ಬಡಾವಣೆಯ ಅಸೋಸಿಯೇಷನ್ನಿನಿಂದ ಕಾಗದ ಬಂತು, ಮನೆಯ ಮುಂದೆ ಬಟ್ಟೆ ಹರವಬಾರದು ಎಂದು. ಹಾಗಾಗಿ ಈ ವರ್ಷ ಗ್ಯಾರೇಜಿನಲ್ಲೇ ಮಡಚುವ ಮೇಜು ಹಾಕಿ, ಬಾಗಿಲನ್ನು ಒಂದು ಅಡಿ ಎತ್ತಿ ಬಿಡುತ್ತಿದ್ದೆ. ಟೆಕ್ಸಸ್ಸಿನ ಧಗೆಗೆ ಒಂದೇ ದಿನದಲ್ಲಿ ಸಂಡಿಗೆ ಗರಿಗರಿ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಗ್ಯಾರೇಜಿನ ದೀಪ ಹಾಕಿದೆ. ನಮ್ಮ ಹಿಂದೆಯೇ ನುಸುಳಿ ಬಂದ ನಿಧಿ ಓಡಿಹೋಗಿ, ಅರೆ ಒಣಗಿದ ಒಂದು ಸಂಡಿಗೆ ಎಬ್ಬಿಸಿ ಬಾಯಿಗೆ ಹಾಕಿಕೊಂಡಳು. ದಿನಾ ಮಾಡುವಂತೆಯೇ. ಎಲ್ಲ ಮಕ್ಕಳಿಗೂ ಸಂಡಿಗೆ ರುಚಿ ಅನ್ನಿಸುವುದು ಹಾಗೆ ಅರೆ ಒಣಗಿದಾಗಲೇ ಅಲ್ಲವೇ?

ಆಂಟಿ ಅವಳ ಕೈ ಹಿಡಿದುಕೊಂಡರು. "ಉಗುಳು ಕೂಸ. ಇಲ್ಲೆ, ನನ್ನ ಕೈಯಾಗ ಉಗುಳು." ಅವರ ಕಣ್ಣು ಮಾತ್ರ ಸಂಡಿಗೆಯ ಆಚೆ, ಒಂದು ಮೊಳ ದೂರದಲ್ಲಿದ್ದ ಶ್ರೀಕರ್ ಅವರ ಕೆಲಸದ ಮೇಜಿನ ಮೇಲಿದ್ದ ಪುಟ್ಟ ಕುಲುಮೆಯಲ್ಲಿ ನೆಟ್ಟಿತ್ತು. "ಅದೇನವಾ?"

"ಇವರ ಹವ್ಯಾಸ ಆಂಟಿ. ಗುಂಡು ಎರೀತಾರೆ. ಪ್ರತಿ ಶನಿವಾರ."

ಎರಡು ವರ್ಷದ ಹಿಂದೆ ಆಫೀಸಿನವರು ಇವರನ್ನು ಗುರಿ ಹೊಡೆಯುವ ರೇಂಜಿಗೆ ಕರೆದುಕೊಂಡು ಹೋಗಿದ್ದರು. ಕಾಗದದ ಗುರಿ, ಬೇಟೆಯಲ್ಲ. ಸೊಳ್ಳೆ ಹೊಡೆಯುವ ಮುಂಚೆಯೂ ಯೋಚಿಸುವ ಮನುಷ್ಯ ಇವರು. ಆಮೇಲೆ ಹ್ಯೂಸ್ಟನ್ನಿನ ಗೆಳೆಯ ಅವಿನಾಶ್ ಹೇಳಿಕೊಟ್ಟ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕೋಶಗಳನ್ನು ಆರಿಸಿ ತಂದು ಮಷೀನಿನಲ್ಲಿ ಉಜ್ಜುವುದು, ಮನೆಯಲ್ಲೇ ಗುಂಡು ಎರೆದು ಮತ್ತೆ ತುಂಬುವುದು. ಅಳತೆ, ತೂಕ, ಅಚ್ಚು ಅಂದರೆ ಇಂಜಿನಿಯರಿಗೆ ಹಬ್ಬ. ಶನಿವಾರ ಎಲ್ಲೂ ಅಲೆಯದೆ ಮನೆಯಲ್ಲೇ ಇರುತ್ತಾರಲ್ಲ ಎಂದು ನಾನೂ ಸುಮ್ಮನಿದ್ದೆ.

"ಏನು ಕರಗಸ್ತಾರ ಇದರಾಗ?" ಆಂಟಿ ಕೇಳಿದರು.

"ಲೆಡ್, ಆಂಟಿ. ಸೀಸ."

ಎರಡು ವರ್ಷದಿಂದ ಆ ಮಾತು ನಮ್ಮ ಮನೆಯಲ್ಲಿ ಓಡಾಡಿಕೊಂಡಿತ್ತು. ಬೆಳಿಗ್ಗೆಯಿಂದ ಅದನ್ನು ಅರಿಶಿನದ ಡಬ್ಬಿಯಲ್ಲಿ ಹುಡುಕುತ್ತಿದ್ದೆವು.

ಅಷ್ಟರಲ್ಲಿ ಶ್ರೀಕರ್ ಬಂದರು. ಆಂಟಿಯ ಮುಖ ನೋಡಿಯೇ ಅವರಿಗೆ ಅರ್ಥವಾಯಿತು.

"ಆಂಟಿ, ಇದ್ರಿಂದ ಆಗಿರಲ್ಲ. ನಾನು ಬಾಗಿಲು ತೆಗೆದೇ ಮಾಡೋದು. ಫ್ಯಾನ್ ಇದೆ, ಗ್ಲೌಸ್ ಇದೆ. ಅವಳು ಇರುವಾಗ ಕರಗಿಸೋದೇ ಇಲ್ಲ."

"ಫ್ಯಾನ್ ಏನ್ ಮಾಡ್ತದ? ಧೂಳು ಊದತದ. ಎಲ್ಲಿಗೆ? ಇಲ್ಲಿಗೆ" ಎಂದು ಆಂಟಿ ಸಂಡಿಗೆ ತೋರಿಸಿದರು. "ನೀ ಆ ಕೋಶ ಉಜ್ಜೂ ಮಷೀನ್ ಅದಲಾ, ಅದರ ಧೂಳು ಇನ್ನೂ ಕೆಟ್ಟದ್ದು. ಸಂಡಿಗಿ ಮ್ಯಾಲೆ ಕೂಡತದ, ನಿನ್ನ ಅಂಗಿ ಮ್ಯಾಲೆ ಕೂಡತದ, ಚಪ್ಪಲಿಗೆ ಹತ್ತತದ. ಅದ ಅಂಗಿಯಾಗ ಕೂಸನ್ನ ಎತ್ತಕೋತೀ. ಹೌದಿಲ್ಲೋ?"

"ನೋಡಿದ್ರೆ ಏನೂ ಕಾಣಿಸಲ್ಲವಲ್ಲ!"

"ಕಂಡಿದ್ರ ಒರಸ್ತಿದ್ರಿ. ಕಾಣಸೂದಿಲ್ಲ, ಅದಕ್ಕ ತಿಂತೀರಿ."

ಶ್ರೀಕರ್ ಸೋಲಲಿಲ್ಲ. "ಅದರ ಹತ್ತಿರ ಇರೋನು ನಾನು. ನನಗೇ ಏನೂ ಆಗಿಲ್ಲ, ಅವಳಿಗೆ ಹೇಗೆ ಆಗುತ್ತೆ?"

"ನಿನಗೇನೂ ಆಗಿಲ್ಲಂತ ಯಾರ್ ಹೇಳಿದ್ರು? ಹೋಗಿ ರಕ್ತ ಕೊಟ್ಟ ಬಾ. ಚೊಲೋ ಬಂತಂದ್ರ ಮುಂದಿನ ಶನಿವಾರ ನಾನ ಬಂದು ನಿನ್ನ ಜೋಡಿ ಗುಂಡ ಎರೀತೀನಿ."

ಅಂದೇ ಹೋಗಿ ಕೊಟ್ಟು ಬಂದರು, ಆಂಟಿಗೆ ಉತ್ತರ ಕೊಡಬೇಕೆಂಬ ಹಟಕ್ಕೆ. ಆಮೇಲಿನ ನಾಲ್ಕು ದಿನ ನನಗೆ ಒಂದು ಕಡೆ ಕೂರಲಾಗಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ತೊಳೆದ ಬಟ್ಟೆಯನ್ನು ಬೇರೆ ಬೇರೆ ಮಾಡಿ ಮತ್ತೆ ತೊಳೆದೆ. ನಿಧಿ ಪೆನ್ಸಿಲ್ ಬೀಳಿಸಿದರೆ, ಒಂದು ಮಾತು ಮರೆತರೆ, ಇದು ಅದರಿಂದಲೋ ಎಂದು ಅವಳನ್ನೇ ದಿಟ್ಟಿಸುತ್ತಿದ್ದೆ. ನಾವಿಬ್ಬರೂ ಪಿಸುಗುಟ್ಟುವುದು, ಅವಳು ಬಂದಾಗ ಮಾತು ನಿಲ್ಲಿಸುವುದು. ಅವಳು ನಮ್ಮಿಬ್ಬರ ಮುಖ ನೋಡಿ, ಏನೋ ಕೇಳಹೊರಟು, ಸುಮ್ಮನಾಗಿ ಹೋಗುತ್ತಿದ್ದಳು.

ಮಂಗಳವಾರ ಶ್ರೀಕರ್ ಅವರ ರಿಪೋರ್ಟ್ ಬಂತು. ಇಪ್ಪತ್ತಾರು.

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ತಲೆನೋವು, ಮರೆವು... ವಯಸ್ಸಾಯ್ತು ಅಂದ್ಕೊಂಡಿದ್ದೆ ವಸು" ಎಂದು ತಮ್ಮ ಕೈಗಳನ್ನೇ ನೋಡಿಕೊಂಡರು. "ಶನಿವಾರ ಮಧ್ಯಾಹ್ನ ಅವಳಿಗೆ ಕಲಸಿ ತುತ್ತು ಕೊಡೋನು ನಾನೇ."

"ಅಲ್ಲಿ ಸಂಡಿಗೆ ಹಾಕಿದವಳು ನಾನು" ಎಂದೆ.

ಆ ಸಂಜೆ ಅವಿನಾಶ್ ಫೋನ್ ಮಾಡಿದ. ಶ್ರೀಕರ್ ಸ್ಪೀಕರಿಗೆ ಹಾಕಿದರು.

"ಏನೋ, ಲೆಡ್ ಅಂತ ಹೆದರ್ಕೊಂಡ್ಯಂತೆ? ನಮ್ಮ ರೇಂಜಲ್ಲಿ ಎಪ್ಪತ್ತೈದು ವರ್ಷದ ತಾತ ಇದಾನೆ. ಹುಡುಗ ಆಗಿದ್ದಾಗಿಂದ ಎರೀತಾನೆ, ಗುಂಡುಕಲ್ಲು ಇದ್ದಂಗಿದಾನೆ!"

"ಅವನ ರಕ್ತ ಪರೀಕ್ಷೆ ಮಾಡಿ ನೋಡಿದೀಯಾ?"

"ನಾನ್ಯಾಕೆ ನೋಡ್ಲಿ?"

"ನಿಂದು?"

"ಅಯ್ಯೋ, ನನಗೇನಾಗಿದೆ?"

"ನಿನ್ನ ಮಗ ಅಭಿರಾಮಂದು? ಮೂರು ವರ್ಷದ ಮಗು ಅವನು. ಗ್ಯಾರೇಜಲ್ಲಿ ಸೈಕಲ್ ಹೊಡೀತಾನೆ, ನಾನೇ ನೋಡಿದೀನಿ."

ಅವಿನಾಶ್ ಫೋನ್ ಇಟ್ಟ. ಮರುದಿನ ಮೆಸೇಜ್ ಕಳಿಸಿದ: ಮೂವರೂ ಟೆಸ್ಟಿಗೆ ಹೋಗುತ್ತಿದ್ದೇವೆ.

ನಿಧಿಯನ್ನೂ ನನ್ನನ್ನೂ ಆಂಟಿಯ ಮನೆಗೆ ಕಳಿಸಿ ಶ್ರೀಕರ್ ಗ್ಯಾರೇಜ್ ಸ್ವಚ್ಛ ಮಾಡಿದರು. ಪೊರಕೆಯಿಂದ ಗುಡಿಸಕೂಡದು, ಮನೆಯ ಸಾಮಾನ್ಯ ವ್ಯಾಕ್ಯೂಮ್ ಹಾಕಕೂಡದು, ಎರಡೂ ಧೂಳನ್ನು ಗಾಳಿಗೆ ಎಬ್ಬಿಸುತ್ತವೆ ಎಂದು ಆಂಟಿ ಹತ್ತು ಸಲ ಹೇಳಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿ, ಮತ್ತೆ ಹೊಸ ಬಟ್ಟೆ. ಸಂಡಿಗೆ, ಪಂಚೆ, ಮೇಜು ಎಲ್ಲ ಹೋಯಿತು. ಸೀಸ, ಕುಲುಮೆ, ಅಚ್ಚುಗಳನ್ನು ಮುಚ್ಚಳದ ಡಬ್ಬಿಗೆ ತುಂಬಿ, ಅಪಾಯಕಾರಿ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಮೊದಲು ಫೋನ್ ಮಾಡಿ ಕೇಳಿ, ಒಪ್ಪಿಸಿ ಬಂದರು. ಒಂದು ಅಚ್ಚನ್ನು ಮಾತ್ರ ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತಿದ್ದರಂತೆ. ಆಮೇಲೆ ಅದನ್ನೂ ಹಾಕಿದರು.

ನಿಧಿಗೆ ಔಷಧಿ ಕೊಡಲಿಲ್ಲ. ಇಷ್ಟು ಮಟ್ಟಕ್ಕೆ ಸೀಸದ ಮೂಲ ತೆಗೆಯುವುದೇ ಔಷಧಿ ಎಂದರು ಡಾಕ್ಟರು. ಖಾಲಿ ಹೊಟ್ಟೆಯಲ್ಲಿ ಬಿಡಬೇಡಿ, ಕಬ್ಬಿಣ, ಕ್ಯಾಲ್ಸಿಯಂ ಇರುವ ಊಟ ಕೊಡಿ ಎಂದರು. ರಾಗಿ, ಸೊಪ್ಪು, ಹಾಲು, ನಿಂಬೆಹಣ್ಣು. ಎಂಟು ವಾರದ ಮೇಲೆ ಮತ್ತೆ ರಕ್ತ ನೋಡಿದಾಗ ಏಳು. ಇಳಿದಿದೆ, ಹೋಗಿಲ್ಲ. ಮೂಳೆಗೆ ಸೇರಿದ್ದು ನಿಧಾನಕ್ಕೆ ಇಳಿಯುತ್ತದೆ ಎನ್ನುತ್ತಾರೆ ಆಂಟಿ.

ಡ್ಯಾಲಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ನಮ್ಮ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಹವ್ಯಾಸ ಬಿಡಿ ಎಂದು ಹೇಳಲು ನಾನು ಯಾರೂ ಅಲ್ಲ. ಆದರೆ ಚಿಕ್ಕ ಮಕ್ಕಳು, ಬಸುರಿಯರು ಇರುವ ಮನೆಯಲ್ಲಿ, ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಸೀಸ ಕರಗಿಸಬೇಡಿ. ಪಿಸ್ತೂಲಿಗೆ ಬೀಗ ಹಾಕಿದ್ದೇವೆ ಎಂದು ನೆಮ್ಮದಿಯಿಂದಿರಬೇಡಿ, ಧೂಳಿಗೆ ಬೀಗವಿಲ್ಲ. ರೇಂಜಿನಿಂದ ಬಂದವರು ಕೈ, ಮುಖ ಸೋಪಿನಲ್ಲಿ ತೊಳೆದು, ಬಟ್ಟೆ ಬದಲಿಸಿ, ಚಪ್ಪಲಿ ಹೊರಗೆ ಬಿಟ್ಟು, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆ ಬೇರೆ ತೊಳೆಯಿರಿ. ಗ್ಯಾರೇಜಿನಲ್ಲಿ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸಬೇಡಿ. ಮುಖ್ಯವಾಗಿ, ಮಗುವಿನ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ, ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ, ರಕ್ತ ನೋಡಿ ಎಂದು. ಒಂದು ಹನಿ ರಕ್ತ ಸಾಕು. ನಾಚಿಕೆಪಟ್ಟುಕೊಂಡು ಕೂರಬೇಡಿ. ನಾನು ಪಟ್ಟ ನಾಚಿಕೆಯಿಂದ ನನ್ನ ಮಗಳಿಗೆ ಏನೂ ಉಪಯೋಗವಾಗಲಿಲ್ಲ.

ಮನೆಯನ್ನು ಒರೆಸಿದೆವು, ಎಲ್ಲರಿಗೂ ಹೇಳಿದೆವು. ಹೇಳದೆ ಉಳಿದದ್ದು ಒಬ್ಬಳಿಗೆ ಮಾತ್ರ. ಎರಡನೇ ಸಲ ರಕ್ತ ನೋಡಿಸಿ ಕ್ಲಿನಿಕ್ಕಿನಿಂದ ಹೊರಟ ದಿನ ಶ್ರೀಕರ್ ಡ್ರೈವ್ ಮಾಡುತ್ತಿದ್ದರು. ನಿಧಿ ಹಿಂದಿನ ಸೀಟಿನಲ್ಲಿ ತೋಳಿಗೆ ಅಂಟಿಸಿದ ಪಟ್ಟಿಯನ್ನು ಸವರಿಕೊಳ್ಳುತ್ತಿದ್ದಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ಅಂದು ನಮಗಿಬ್ಬರಿಗೂ ಸರಿಯಾಗಿ ಕೇಳಿಸಲೆಂದೋ ಏನೋ, ಕನ್ನಡದಲ್ಲಿ, ಗಟ್ಟಿಯಾಗಿ ಕೇಳಿದಳು.

"ಅಮ್ಮಾ, ಸೀಸಾನ ನನ್ನೊಳಗೆ ಹಾಕಿದ್ದು ಯಾರು?"